ಬಿದ್ದವನನ್ನು ಎತ್ತಿ ತರುವವರು ಯಾರು?

ಬಾಗಲಕೋಟೆಯಿಂದ ಕಲಾದಗಿಯ ಕಡೆಗೆ ಹೋಗುವ ರಸ್ತೆಯಲ್ಲಿ ತುಳಸಿಗೇರಿ ಎಂಬ ಊರು ಸಿಗುತ್ತದೆ. ಇಲ್ಲಿನ ಹನುಮಪ್ಪನ ಗುಡಿ ಸುತ್ತಲಿನ ಜಿಲ್ಲೆಗಳಿಗೆಲ್ಲ ಪರಿಚಿತ. ಜಾತ್ರೆಗೆ ಬರುವವರಲ್ಲಿ ಯಾರನ್ನು ಕೇಳಿದರೂ ಹನುಮಂತ ಸಂಜೀವಿನಿ ತಂದ ಕಥೆ ಹೇಳುತ್ತಾರೆ. ಅದೇ ಯುದ್ಧಕಾಂಡದಲ್ಲಿ ಅಷ್ಟಾಗಿ ಯಾರೂ ನೆನೆಯದ ಇನ್ನೊಂದು ಪ್ರಸಂಗವಿದೆ. ರಾವಣನ ಆಯುಧ ತಗುಲಿ ಲಕ್ಷ್ಮಣ ನೆಲಕ್ಕೆ ಬೀಳುತ್ತಾನೆ. ಬಿದ್ದವನನ್ನು ರಾವಣ ಎತ್ತಿಕೊಂಡು ಹೋಗಲು ನೋಡುತ್ತಾನೆ, ಆಗುವುದಿಲ್ಲ. ಆಗ ಹನುಮಂತ ಬಂದು ರಾವಣನನ್ನು ಗುದ್ದಿ, ಲಕ್ಷ್ಮಣನನ್ನು ಎತ್ತಿಕೊಂಡು ರಾಮನ ಬಳಿಗೆ ತರುತ್ತಾನೆ. ಔಷಧಿ ತರುವ ಮಾತು ಆಮೇಲಿನದು. ಮೊದಲು ಆಗಬೇಕಾದ ಕೆಲಸ ಬಾಣಗಳ ನಡುವಿನಿಂದ ಗಾಯಾಳುವನ್ನು ಹೊರಗೆ ತರುವುದು.

ಯುದ್ಧದ ಇತಿಹಾಸದಲ್ಲಿ ಈ ಕೆಲಸಕ್ಕೆ ಸಿಕ್ಕಿರುವ ಜಾಗ ತೀರಾ ಕಡಿಮೆ. ತುಳಸಿಗೇರಿಯ ಸುತ್ತಮುತ್ತಲೇ ನೋಡಿ. ಬಾದಾಮಿ, ಐಹೊಳೆಯ ಸೀಮೆಯೂ ಸೇರಿದಂತೆ ಕನ್ನಡ ನಾಡಿನುದ್ದಕ್ಕೂ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಪಟ್ಟಿಕೆಗಳು. ಕೆಳಗೆ ಯುದ್ಧ, ಮೇಲೆ ದೇವಲೋಕ. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿರುತ್ತಾರೆ, ಕೆಲವು ಕಲ್ಲುಗಳಲ್ಲಿ ವಿಮಾನವೂ ಇರುತ್ತದೆ. ಸತ್ತವನಿಗೆ ವಾಹನ ಕಲ್ಪಿಸಿದ ಶಿಲ್ಪಿ ನರಳುತ್ತ ಬಿದ್ದವನಿಗೆ ಒಂದು ಮಂಚವನ್ನೂ ಕೆತ್ತಲಿಲ್ಲ. ಗಾಯಗೊಂಡು ಬದುಕಿದವನಿಗೆ ಕಲ್ಲು ಹಾಕಿಸುವ ಪದ್ಧತಿಯೂ ಬೆಳೆಯಲಿಲ್ಲ.

ಇದೇ ಸೀಮೆಯ ಹಲಗಲಿಯ ವಿಷಯ ನೋಡಿ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಬೇಕೆಂಬ ಕಾಯಿದೆ ತಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ 19 ಜನರನ್ನು ಮುಧೋಳದಲ್ಲಿ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು. ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯಿಂದಾಗಿ ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಉಳಿದಿವೆ. ಹೋರಾಟ, ಸಾವು, ಲೂಟಿಯಾದ ವಸ್ತುಗಳ ಸಂಗತಿಯೆಲ್ಲ ಜನರ ನೆನಪಿನಲ್ಲಿ ಉಳಿಯಿತು. ಗುಂಡು ತಾಗಿ ಆ ರಾತ್ರಿ ನೀರು ಕೇಳಿದವರನ್ನು ಯಾರು ಎತ್ತಿದರು ಎಂಬ ಸಂಗತಿ ಉಳಿಯಲಿಲ್ಲ.

ಮೊಹರಂನಲ್ಲಿ ನಮ್ಮ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಹಾಡುವ ರಿವಾಯತ್ ಪದಗಳಲ್ಲಿ ಮಾತ್ರ ಈ ನೋವು ಮುಂದೆ ಬಂದು ನಿಲ್ಲುತ್ತದೆ. ಹಿಜರಿ 61ರಲ್ಲಿ, ಅಂದರೆ ಕ್ರಿ.ಶ. 680ರಲ್ಲಿ, ಕರ್ಬಲಾದ ಬಯಲಿನಲ್ಲಿ ಹಜರತ್ ಅಬ್ಬಾಸರು ಮಕ್ಕಳಿಗೆ ನೀರು ತರಲು ಹೋಗಿ ತೋಳು ಕಳೆದುಕೊಂಡು ಬಿದ್ದ ಪ್ರಸಂಗ ಬಂದಾಗ ಕೇಳುವವರ ಕಣ್ಣು ತೇವವಾಗುತ್ತದೆ. ಅಲ್ಲಿ ಯಾರು ಗೆದ್ದರೆಂದು ಕೇಳುವವರಿಲ್ಲ. ಬಿದ್ದವರ ಬಳಿಗೆ ಹೋಗುವವರು ಯಾರಾದರೂ ಇದ್ದರೇ ಎಂಬುದೇ ಅಲ್ಲಿನ ಪ್ರಶ್ನೆ.

ಇಂದು ಜಗತ್ತಿನ ಸೇನೆಗಳು ಆ ಪ್ರಶ್ನೆಗೆ ಒಂದು ಹೊಸ ಉತ್ತರ ಕೊಡುತ್ತಿವೆ. ಯಾರೂ ಹೋಗಬೇಕಾಗಿಲ್ಲ, ಒಂದು ಯಂತ್ರವನ್ನು ಕಳಿಸಿದರೆ ಸಾಕು ಎನ್ನುತ್ತಿವೆ. ಚಾಲಕನಿಲ್ಲದ ಗಾಡಿ ರಣರಂಗಕ್ಕೆ ಹೋಗಿ ಗಾಯಾಳುವನ್ನು ಹೊತ್ತು ತರುತ್ತಿದೆ. ಇದನ್ನು ವಿಜ್ಞಾನದ ವಿಜಯವೆಂದು ಹೊಗಳುವ ಮೊದಲು ಈ ಕೆಲಸ ಇಲ್ಲಿಯವರೆಗೆ ನಡೆದು ಬಂದ ದಾರಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಮದೀನಾದ ಡೇರೆಯಿಂದ ಜಿನೀವಾದವರೆಗೆ

ಇಸ್ಲಾಮಿನ ಆರಂಭದ ಯುದ್ಧಗಳಲ್ಲಿ ಈ ಹೊಣೆಯನ್ನು ಹೊತ್ತವರಲ್ಲಿ ಮಹಿಳೆಯರು ಪ್ರಮುಖರು. ಪ್ರವಾದಿ(ಸ)ಯವರ ಜೊತೆ ಯುದ್ಧಭೂಮಿಗೆ ಹೋಗಿ ಯೋಧರಿಗೆ ನೀರು ಕೊಡುತ್ತಿದ್ದುದನ್ನೂ ಗಾಯಾಳುಗಳನ್ನು ಹಾಗೂ ಹತರಾದವರನ್ನು ಮದೀನಾಕ್ಕೆ ಸಾಗಿಸುತ್ತಿದ್ದುದನ್ನೂ ರುಬಯ್ಯಿ ಬಿಂತ್ ಮುಅವ್ವಿದ್(ರ) ಅವರೇ ಹೇಳಿಕೊಂಡಿದ್ದಾರೆ. ಹಿಜರಿ 5ರ ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಅವರಿಗೆ ಬಾಣ ತಗುಲಿತು. ಅವರನ್ನು ಇರಿಸಿದ್ದು ಮಸೀದಿಯ ಆವರಣದಲ್ಲಿದ್ದ ಡೇರೆಯಲ್ಲಿ. ಅಸ್ಲಮ್ ಗೋತ್ರದ ರುಫೈದಾ(ರ) ಎಂಬ ಮಹಿಳೆ ಗಾಯಾಳುಗಳ ಶುಶ್ರೂಷೆಗೆಂದು ಅಲ್ಲಿ ಡೇರೆ ಹಾಕಿದ್ದರು. ಆರಾಧನೆಯ ಸ್ಥಳದಲ್ಲೇ ಗಾಯಾಳುವಿಗೆ ಜಾಗ ಸಿಕ್ಕಿತ್ತು.

ಆದರೆ ಜಗತ್ತಿನ ದೊಡ್ಡ ಸೈನ್ಯಗಳಲ್ಲಿ ಇದೊಂದು ಪ್ರತ್ಯೇಕ ವ್ಯವಸ್ಥೆಯಾಗಿ ರೂಪುಗೊಳ್ಳಲು ಬಹಳ ಕಾಲ ಹಿಡಿಯಿತು. 18ನೇ ಶತಮಾನದ ಕೊನೆಯವರೆಗೂ ಯುರೋಪಿನ ಸೈನ್ಯಗಳಲ್ಲಿ ವೈದ್ಯರ ಗಾಡಿಗಳು ಯುದ್ಧದಿಂದ ಹಲವು ಕಿಲೋಮೀಟರ್ ಹಿಂದೆ ನಿಲ್ಲುತ್ತಿದ್ದವು. ಕಾಳಗ ಮುಗಿದ ಮೇಲೆ ಬದುಕಿ ಉಳಿದವರಿಗಷ್ಟೇ ಚಿಕಿತ್ಸೆ. ಫ್ರಾನ್ಸಿನ ಸೇನಾ ವೈದ್ಯ ಡೊಮಿನಿಕ್ ಲಾರೆ 1790ರ ದಶಕದಲ್ಲಿ ಇದನ್ನು ಬದಲಿಸಿದ. ಕುದುರೆಗಳು ಎಳೆಯುವ, ಸ್ಪ್ರಿಂಗ್ ಇರುವ, ಹಗುರವಾದ ಗಾಡಿಗಳನ್ನು ಕಾಳಗ ನಡೆಯುತ್ತಿರುವಾಗಲೇ ಮುಂದಕ್ಕೆ ನುಗ್ಗಿಸಿದ. ಅವುಗಳನ್ನು ಹಾರುವ ಆಂಬುಲೆನ್ಸ್ ಎಂದು ಕರೆದರು. ಲಾರೆ ಇನ್ನೊಂದು ನಿಯಮವನ್ನೂ ಮಾಡಿದ. ಯಾರ ಗಾಯ ಹೆಚ್ಚು ಅಪಾಯಕಾರಿಯೋ ಅವರಿಗೆ ಮೊದಲು ಚಿಕಿತ್ಸೆ. ಅಧಿಕಾರಿಯೋ ಸಿಪಾಯಿಯೋ, ನಮ್ಮವನೋ ಶತ್ರುವೋ ಎಂದು ನೋಡುವಂತಿಲ್ಲ.

1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೋದಲ್ಲಿ ನಡೆದ ಕಾಳಗದ ನಂತರ ಹೆನ್ರಿ ಡ್ಯೂನಾಂಟ್ ಎಂಬ ಜಿನೀವಾದ ವ್ಯಾಪಾರಿ ಅಲ್ಲಿಗೆ ಬಂದ. ಸಾವಿರಾರು ಗಾಯಾಳುಗಳು ಬಿಸಿಲಲ್ಲಿ ಬಿದ್ದಿದ್ದರು. ಪಕ್ಕದ ಕಾಸ್ತಿಲಿಯೋನೆ ಊರಿನ ಹೆಂಗಸರು ಯಾವ ಸೈನ್ಯದವನೆಂದು ಕೇಳದೆ ಅವರ ಆರೈಕೆಗೆ ನಿಂತಿದ್ದರು. ಡ್ಯೂನಾಂಟ್ ಬರೆದ ಪುಸ್ತಕ 1862ರಲ್ಲಿ ಹೊರಬಂತು. 1864ರ ಆಗಸ್ಟ್ 22ರಂದು 12 ದೇಶಗಳು ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು. ಗಾಯಾಳು ಯಾವ ಕಡೆಯವನಾದರೂ ಚಿಕಿತ್ಸೆ ಸಿಗಬೇಕು, ಅವನನ್ನು ಸಾಗಿಸುವವರ ಮೇಲೂ ಅವರ ವಾಹನದ ಮೇಲೂ ಗುಂಡು ಹಾರಿಸಬಾರದು, ಗುರುತಿಗೆ ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ ಇರಬೇಕು ಎಂಬುದು ಅದರ ಸಾರ. 1870ರ ದಶಕದ ರಷ್ಯಾ ಯುದ್ಧದ ಕಾಲದಲ್ಲಿ ತುರ್ಕಿಯ ಉಸ್ಮಾನಿ ಸಾಮ್ರಾಜ್ಯ ಶಿಲುಬೆಯ ಬದಲು ಕೆಂಪು ಅರ್ಧಚಂದ್ರವನ್ನು ಬಳಸಿತು. ಗುರುತು ಎರಡಾದರೂ ಕೊಟ್ಟ ಮಾತು ಒಂದೇ ಆಗಿತ್ತು.

ಡೋಲಿ ಹೊತ್ತವರು

ನಮ್ಮ ದೇಶದಲ್ಲಿ ಬ್ರಿಟಿಷರ ಸೈನ್ಯದ ಗಾಯಾಳುಗಳನ್ನು ಸಾಗಿಸಿದ್ದು ಡೋಲಿ. ಉದ್ದನೆಯ ಬಿದಿರಿಗೆ ತೂಗುಹಾಕಿದ, ಬಟ್ಟೆ ಮುಚ್ಚಿದ ಹಾಸಿಗೆ ಅದು. ಕಹಾರರೂ ಬೋಯಿಗಳೂ ಅದನ್ನು ಹೆಗಲ ಮೇಲೆ ಹೊರುತ್ತಿದ್ದರು. ಅವರ ಕೈಯಲ್ಲಿ ಆಯುಧ ಇರುತ್ತಿರಲಿಲ್ಲ, ಆದರೆ ಗುಂಡು ಬೀಳುವ ಜಾಗದಲ್ಲೇ ನಡೆಯಬೇಕಾಗಿತ್ತು. ಅವರ ಬಗ್ಗೆ ಇಂಗ್ಲಿಷರಲ್ಲೇ ಒಂದು ತಮಾಷೆಯ ಕಥೆ ಓಡಾಡುತ್ತಿತ್ತು. ಡೋಲಿಗಳು ಗಾಯಾಳುಗಳನ್ನು ಹೊತ್ತೊಯ್ದವು ಎಂಬ ವರದಿಯನ್ನು ಓದಿದ ಲಂಡನ್ನಿನ ಭಾಷಣಕಾರನೊಬ್ಬ, ಡೋಲಿ ಎಂದರೆ ಯಾವುದೋ ಕ್ರೂರ ಕಾಡು ಜನಾಂಗವೆಂದು ತಿಳಿದು, ಆ ದುಷ್ಟರು ನಮ್ಮ ಗಾಯಾಳುಗಳನ್ನು ಅಪಹರಿಸಿದರೆಂದು ಮರುಗಿದನಂತೆ. ಕಥೆ ನಿಜವೋ ಕಟ್ಟಿದ್ದೋ, ಅದು ಹೇಳುವ ಮಾತು ಮಾತ್ರ ನಿಜ. ಹೊತ್ತವರ ಹೆಸರು ಹೋಗಲಿ, ಅವರು ಮನುಷ್ಯರೇ ಎಂಬುದೂ ದೂರದಲ್ಲಿ ಕುಳಿತವರಿಗೆ ಗೊತ್ತಿರಲಿಲ್ಲ.

ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಈ ಕೆಲಸಕ್ಕೆ ಭಾರತೀಯರು ತಾವಾಗಿಯೇ ಮುಂದೆ ಬಂದರು. 1899ರ ಕೊನೆಯಲ್ಲಿ ಗಾಂಧೀಜಿ ಕಟ್ಟಿದ ಆಂಬುಲೆನ್ಸ್ ದಳದಲ್ಲಿ ಸುಮಾರು 1,100 ಜನರಿದ್ದರು. ಹೆಚ್ಚಿನವರು ಕಬ್ಬಿನ ತೋಟಗಳಂಥ ಕಡೆ ಕರಾರಿನ ಮೇಲೆ ದುಡಿಯುತ್ತಿದ್ದ ಕೂಲಿಗಳು. 1900ರ ಜನವರಿಯಲ್ಲಿ ಸ್ಪಿಯನ್ ಕಾಪ್ ಗುಡ್ಡದ ಕಾಳಗದಲ್ಲಿ ಗುಂಡಿನ ವ್ಯಾಪ್ತಿಯೊಳಗೆ ಹೋಗಿ ಅವರು ಗಾಯಾಳುಗಳನ್ನು ಹೊತ್ತರು. ದಿನಕ್ಕೆ ಇಪ್ಪತ್ತು ಮೈಲಿಗೂ ಹೆಚ್ಚು ಸ್ಟ್ರೆಚರ್ ಹೊತ್ತು ನಡೆದ ದಿನಗಳಿದ್ದವು. 1906ರಲ್ಲಿ ಜುಲು ಜನರ ದಂಗೆಯಾದಾಗ ಗಾಂಧೀಜಿ ಮತ್ತೊಂದು ಚಿಕ್ಕ ದಳದೊಂದಿಗೆ ಹೋದರು. ಅಲ್ಲಿ ಅವರ ಪಾಲಿಗೆ ಬಂದವರು ಚಾಟಿ ಏಟಿನಿಂದ ಗಾಯ ಕೊಳೆತಿದ್ದ ಜುಲುಗಳು. ಬಿಳಿಯರು ಅವರ ಶುಶ್ರೂಷೆಗೆ ಸಿದ್ಧರಿರಲಿಲ್ಲ. ಸರ್ಕಾರದ ಪರವಾಗಿ ಹೋದ ದಳ ಸರ್ಕಾರದ ಶತ್ರುಗಳ ಗಾಯ ತೊಳೆಯಿತು. ಗಾಂಧೀಜಿಯವರ ಮನಸ್ಸಿನ ಮೇಲೆ ಆ ದಿನಗಳು ಆಳವಾದ ಪರಿಣಾಮ ಬೀರಿದವು.

1912ರಲ್ಲಿ ಬಾಲ್ಕನ್ ಯುದ್ಧ ಆರಂಭವಾದಾಗ ಭಾರತದ ಮುಸ್ಲಿಮರು ಹಣ ಕೂಡಿಸಿ ಒಂದು ವೈದ್ಯಕೀಯ ತಂಡವನ್ನು ತುರ್ಕಿಗೆ ಕಳಿಸಿದರು. ಅದರ ಮುಖಂಡರು ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ. ಡಿಸೆಂಬರ್‌ನಲ್ಲಿ ಮುಂಬಯಿಯಿಂದ ಹಡಗು ಹತ್ತಿದ ಈ ತಂಡ ತಿಂಗಳುಗಟ್ಟಲೆ ಅಲ್ಲಿದ್ದು 1913ರಲ್ಲಿ ಹಿಂತಿರುಗಿತು. ಅನ್ಸಾರಿಯವರು ಮುಂದೆ, 1927ರಲ್ಲಿ, ಮದರಾಸಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಸ್ವತಂತ್ರ ಭಾರತದ ಕನಸು ಕಂಡ ಈ ಇಬ್ಬರೂ ಯುದ್ಧವನ್ನು ನೋಡಿದ್ದು ಗಾಯಾಳುವಿನ ಪಕ್ಕದಲ್ಲಿ ನಿಂತು.

ಸ್ಪ್ರಿಂಗ್ ಇಲ್ಲದ ಬಂಡಿಗಳು

ವಾಹನ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೊದಲ ಮಹಾಯುದ್ಧದ ಮೆಸಪೊಟೇಮಿಯಾ, ಅಂದರೆ ಇಂದಿನ ಇರಾಕ್, ಸಾಕ್ಷಿ. 1915ರ ನವೆಂಬರ್‌ನಲ್ಲಿ ಬಗ್ದಾದಿನ ದಕ್ಷಿಣಕ್ಕಿರುವ ಟೆಸಿಫೋನ್ ಬಳಿ ಬ್ರಿಟಿಷ್ ಭಾರತದ ಆರನೇ ಪೂನಾ ಡಿವಿಜನ್ ತುರ್ಕರ ಎದುರು ನಿಂತಿತು. ಅದರಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟನ್‌ಗಳಿದ್ದವು. ಬೆಳಗಾವಿ ಈ ಪಡೆಗಳ ಕೇಂದ್ರವಾದದ್ದು ಆಮೇಲೆ, 1922ರಲ್ಲಿ. ಇಂದಿಗೂ ಉತ್ತರ ಕರ್ನಾಟಕದ ಹುಡುಗರು ಸೇನೆ ಸೇರುವ ದೊಡ್ಡ ಬಾಗಿಲು ಅದೇ.

ಟೆಸಿಫೋನಿನಲ್ಲಿ ವೈದ್ಯಕೀಯ ತಯಾರಿ ಮಾಡಿಕೊಂಡದ್ದು ನೂರರ ಲೆಕ್ಕದಲ್ಲಿ, ಬಿದ್ದ ಗಾಯಾಳುಗಳು ಸಾವಿರದ ಲೆಕ್ಕದಲ್ಲಿ. ಆಂಬುಲೆನ್ಸ್ ಗಾಡಿಗಳು ಇರಲಿಲ್ಲ. ಸಾಮಾನು ಸಾಗಿಸುವ, ಸ್ಪ್ರಿಂಗ್ ಇಲ್ಲದ, ತಳದಲ್ಲಿ ಕಬ್ಬಿಣದ ಪಟ್ಟಿಗಳಿರುವ ಹೇಸರಗತ್ತೆಯ ಬಂಡಿಗಳಲ್ಲಿ ತೊಡೆಯ ಮೂಳೆ ಮುರಿದವರನ್ನು ಹಾಕಿ ಮೈಲುಗಟ್ಟಲೆ ಎಳೆದರು. ಅಲ್ಲಿಂದ ದೋಣಿಗಳಲ್ಲಿ ತುಂಬಿ ಟೈಗ್ರಿಸ್ ನದಿಯಲ್ಲಿ ಬಸ್ರಾಕ್ಕೆ ಕಳಿಸಿದರು. ದಿನಗಟ್ಟಲೆ ಪಟ್ಟಿ ಬದಲಿಸುವವರಿರಲಿಲ್ಲ. ಬಸ್ರಾಕ್ಕೆ ಬಂದ ಒಂದು ಹಡಗಿನ ಸ್ಥಿತಿಯನ್ನು ಕಂಡ ಮೇಜರ್ ಕಾರ್ಟರ್ ಎಂಬ ವೈದ್ಯಾಧಿಕಾರಿ ಅದನ್ನು ಇದ್ದಂತೆ ಬರೆದು ವರದಿ ಕೊಟ್ಟರು. ಮೇಲಧಿಕಾರಿಗಳು ಅವರನ್ನೇ ಗದರಿಸಿದರು. ಕೊನೆಗೆ ವಿಚಾರಣಾ ಆಯೋಗ ಕುಳಿತು, 1917ರಲ್ಲಿ ವರದಿ ಬಂತು. ಭಾರತ ವ್ಯವಹಾರಗಳ ಮಂತ್ರಿಯಾಗಿದ್ದ ಆಸ್ಟಿನ್ ಚೇಂಬರ್ಲಿನ್ ರಾಜೀನಾಮೆ ಕೊಡಬೇಕಾಯಿತು.

ಲಾರೆ ತನ್ನ ಗಾಡಿಗೆ ಸ್ಪ್ರಿಂಗ್ ಹಾಕಿಸಿ ನೂರು ವರ್ಷಕ್ಕೂ ಹೆಚ್ಚು ಕಾಲವಾಗಿತ್ತು. ಸ್ಪ್ರಿಂಗ್ ಮಾಡುವುದು ಯಾರಿಗೂ ಗೊತ್ತಿರದ ವಿದ್ಯೆಯೇನೂ ಆಗಿರಲಿಲ್ಲ. ಹಿಂದುಸ್ತಾನದ ಸಿಪಾಯಿಯ ಸಲುವಾಗಿ ಅಷ್ಟು ಖರ್ಚು ಮಾಡಬೇಕೆಂದು ಆಳುವವರಿಗೆ ಅನಿಸಿರಲಿಲ್ಲ, ಅಷ್ಟೇ. ಆ ಬಂಡಿಗಳಲ್ಲಿ ಗೋರಾ ಸಿಪಾಯಿಗಳೂ ನರಳಿದರು ಎಂಬುದನ್ನೂ ಹೇಳಬೇಕು. ಉಳಿತಾಯದ ಲೆಕ್ಕ ಒಮ್ಮೆ ಶುರುವಾದರೆ ಬಣ್ಣ ನೋಡಿ ನಿಲ್ಲುವುದಿಲ್ಲ.

ನಾಯಿಯ ಮೂಗು, ಹೆಲಿಕಾಪ್ಟರಿನ ರೆಕ್ಕೆ

ಮನುಷ್ಯನನ್ನು ಬಿಟ್ಟು ಬೇರೆ ಜೀವವನ್ನು ಈ ಕೆಲಸಕ್ಕೆ ಕಳಿಸುವ ಯೋಚನೆ ಅದೇ ಮಹಾಯುದ್ಧದಲ್ಲಿ ಬಲವಾಯಿತು. ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳು ಸಾವಿರಾರು ನಾಯಿಗಳನ್ನು ಪಳಗಿಸಿದವು. ಕತ್ತಲಲ್ಲಿ ಎರಡು ಕಂದಕಗಳ ನಡುವೆ ಬಿದ್ದವನನ್ನು ನಾಯಿ ಹುಡುಕುತ್ತಿತ್ತು. ಅವನ ಟೋಪಿಯನ್ನೋ ಗುರುತಿನ ಪಟ್ಟಿಯನ್ನೋ ಕಚ್ಚಿಕೊಂಡು ಹಿಂತಿರುಗಿ, ಸ್ಟ್ರೆಚರ್ ಹೊರುವವರಿಗೆ ದಾರಿ ತೋರಿಸುತ್ತಿತ್ತು. ನಾಯಿ ಎಂದಾಗ ಬಾಗಲಕೋಟೆ ಜಿಲ್ಲೆಯವರಿಗೆ ಮುಧೋಳ ನೆನಪಾಗುವುದು ಸಹಜ. ಘೋರ್ಪಡೆ ಸಂಸ್ಥಾನಿಕರ ಆಶ್ರಯದಲ್ಲಿ ಹೆಸರು ಮಾಡಿದ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ತಳಿಯ ಮರಿಗಳನ್ನು ತಿಮ್ಮಾಪುರದ ಸಂಶೋಧನಾ ಕೇಂದ್ರದಿಂದ ಸೇನೆ ಪಡೆದು ಮೀರತ್‌ನಲ್ಲಿ ತರಬೇತಿ ಕೊಟ್ಟಿದೆ. ಆದರೆ ಮುಧೋಳ ನಾಯಿಯ ಬಲವಿರುವುದು ಕಣ್ಣು ಮತ್ತು ಓಟದಲ್ಲಿ. ಅದು ಕಾವಲಿನ ನಾಯಿ. ಗಾಯಾಳುವನ್ನು ಹುಡುಕಲು ಬೇಕಾದದ್ದು ಮೂಗು.

ಅದರ ಮುಂದಿನ ಹೆಜ್ಜೆ ಹೆಲಿಕಾಪ್ಟರ್. 1950ರಲ್ಲಿ ಶುರುವಾದ ಕೊರಿಯಾ ಯುದ್ಧದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂತು. ಗಾಯಾಳುವನ್ನು ಹೆಲಿಕಾಪ್ಟರಿನ ಹೊರಬದಿಯಲ್ಲಿ ಸ್ಟ್ರೆಚರಿಗೆ ಬಿಗಿದು ಹಾರಿಸುತ್ತಿದ್ದರು. ಆ ಯುದ್ಧಕ್ಕೆ ಭಾರತ ಹೋರಾಡುವ ಪಡೆಯನ್ನು ಕಳಿಸಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಅನ್ನು ಮಾತ್ರ ಕಳಿಸಿತು. ಪ್ಯೋಂಗ್ಯಾಂಗ್‌ನಿಂದ ಹಿಂದೆ ಸರಿಯುವಾಗ ಈ ದಳದವರು ಔಷಧಿ, ಉಪಕರಣಗಳನ್ನು ಬಿಟ್ಟು ಬರಲು ಒಪ್ಪದೆ ಒಂದು ಉಗಿಬಂಡಿಯನ್ನು ಹುಡುಕಿ ತಾವೇ ನಡೆಸಿಕೊಂಡು ಬಂದರು.

ಮುಂದೆ ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲು ಬಂತು. ಫ್ರಾನ್ಸಿನ ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ 1960ರ ದಶಕದಲ್ಲಿ ಚೇತಕ್, 1970ರ ದಶಕದಲ್ಲಿ ಚೀತಾ ಹೆಲಿಕಾಪ್ಟರ್‌ಗಳನ್ನು ತಯಾರಿಸತೊಡಗಿತು. ಅಲ್ಲೇ ರೂಪುಗೊಂಡ ಧ್ರುವ 1992ರಲ್ಲಿ ಮೊದಲ ಬಾರಿ ಹಾರಿತು. 1984ರಿಂದ ಸಿಯಾಚಿನ್ ಹಿಮನದಿಯ ಮೇಲೆ, 1999ರಲ್ಲಿ ಕಾರ್ಗಿಲ್‌ನ ಶಿಖರಗಳಲ್ಲಿ, ತೆಳುವಾದ ಗಾಳಿಯಲ್ಲಿ ಹಾರಿ ಗಾಯಾಳುಗಳನ್ನು ಇಳಿಸಿದ್ದು ಬಹುಪಾಲು ಈ ಪುಟ್ಟ ಚೀತಾಗಳು. ಅಷ್ಟು ಎತ್ತರದಲ್ಲಿ ಒಂದು ಸುತ್ತಿಗೆ ಒಬ್ಬ ಗಾಯಾಳುವನ್ನು ಹೊರುವುದೇ ಕಷ್ಟ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮ ಕುಸಿಯಿತು. ಮದ್ರಾಸ್ ರೆಜಿಮೆಂಟಿನ 10 ಯೋಧರು ಹೂತುಹೋದರು. ಅದು ಯುದ್ಧವಲ್ಲ. ಆದರೂ ಆ ಠಾಣೆ ಇದ್ದದ್ದು ಯುದ್ಧದ ಕಾರಣಕ್ಕೆ. ಬದುಕಿರುವ ಆಸೆ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದಾಗಲೂ ಶೋಧ ನಿಲ್ಲಲಿಲ್ಲ. ಯೋಧರು ಹಗಲಿರುಳು ನೀಲಿ ಹಿಮಗಲ್ಲನ್ನು ಕೊರೆದರು. ರೇಡಾರ್ ಉಪಕರಣಗಳು ಬಂದವು. ಡಾಟ್, ಮಿಶಾ ಎಂಬ ನಾಯಿಗಳು ಜಾಗ ತೋರಿಸಿದವು. ಆರನೇ ದಿನ, ಫೆಬ್ರವರಿ 8ರ ರಾತ್ರಿ, ಸುಮಾರು 25 ಅಡಿ ಹಿಮದ ಕೆಳಗೆ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಅವರು ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನವರು. ಹೆಲಿಕಾಪ್ಟರ್ ಮತ್ತು ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಎರಡು ದಿನ ಇಡೀ ನಾಡು ಪ್ರಾರ್ಥಿಸಿತು. ಮಸೀದಿ, ಮಠ, ಚರ್ಚುಗಳಲ್ಲಿ ಒಂದೇ ಹೆಸರು ಕೇಳಿಬಂತು. ಫೆಬ್ರವರಿ 11ರಂದು ಅವರು ತೀರಿಕೊಂಡರು.

ಉಪಕರಣ, ನಾಯಿ, ಹೆಲಿಕಾಪ್ಟರ್, ಎಲ್ಲವೂ ಅಲ್ಲಿ ಕೆಲಸ ಮಾಡಿದವು. ಆದರೆ ಅವನ್ನು ಆರು ದಿನ ಕೆಲಸ ಮಾಡಿಸಿದ್ದು ತಮ್ಮವನನ್ನು ಬಿಟ್ಟು ಹೋಗುವುದಿಲ್ಲವೆಂಬ ಹಠ.

ಚಾಲಕನಿಲ್ಲದ ಗಾಡಿ

ಈಗ ರೋಬೋಟ್ ವಾಹನದ ವಿಷಯಕ್ಕೆ ಬರೋಣ. 2000ದ ದಶಕದಲ್ಲಿ ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗ ಇದಕ್ಕೆ ಹಣ ಹಾಕಿತು. ಅಂಥ ಒಂದು ಯೋಜನೆಯಲ್ಲಿ ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿ ಇಟ್ಟುಕೊಳ್ಳುವಂತೆ ದೊಡ್ಡ ವಾಹನವೊಂದು ಚಿಕ್ಕ ರೋಬೋಟನ್ನು ಹೊತ್ತು ಹೋಗುತ್ತಿತ್ತು. ಚಿಕ್ಕದು ಗಾಯಾಳುವನ್ನು ಎಳೆದು ತಂದರೆ ದೊಡ್ಡದು ಅವನನ್ನು ಹಿಂದಕ್ಕೆ ಸಾಗಿಸಬೇಕು. ವೆಕ್ನಾ ಎಂಬ ಕಂಪನಿ ಬೇರ್ ಎಂಬ ಹೆಸರಿನ ಯಂತ್ರಮಾನವನನ್ನು ಮಾಡಿತು. ಎರಡು ಕೈಗಳಿಂದ ಮನುಷ್ಯನನ್ನು ಎತ್ತಬಲ್ಲ ಅದಕ್ಕೆ ಆಟಿಕೆಯ ಕರಡಿಯ ಮುಖ ಜೋಡಿಸಿದ್ದರು. ನೋವಿನಲ್ಲಿರುವವನು ಕಬ್ಬಿಣದ ಕೈ ಕಂಡು ಹೆದರಬಾರದೆಂಬುದು ಉದ್ದೇಶ. ಇವು ಪ್ರಯೋಗದ ಹಂತ ದಾಟಿ ರಣರಂಗಕ್ಕೆ ಹೋಗಲಿಲ್ಲ.

ಹೋಗುವಂತೆ ಮಾಡಿದ್ದು ಉಕ್ರೇನ್ ಯುದ್ಧ. 2022ರಲ್ಲಿ ರಷ್ಯಾ ಪೂರ್ಣ ಪ್ರಮಾಣದ ದಾಳಿ ಆರಂಭಿಸಿದ ನಂತರ ಎಸ್ಟೋನಿಯಾದ ಮಿಲ್ರೆಮ್ ಕಂಪನಿಯ ಥೆಮಿಸ್ ಎಂಬ ವಾಹನ ಗಾಯಾಳುಗಳ ಸಾಗಣೆಗೆಂದು ಅಲ್ಲಿಗೆ ಹೋಯಿತು. ಆಮೇಲೆ ಉಕ್ರೇನಿನ ಸಣ್ಣಪುಟ್ಟ ಕಾರ್ಖಾನೆಗಳೇ ಬಗೆಬಗೆಯ ಗಾಡಿಗಳನ್ನು ತಯಾರಿಸಿದವು. ಮಂಚದಷ್ಟು ಉದ್ದದ, ನೆಲಕ್ಕೆ ತಾಗುವಷ್ಟು ತಗ್ಗಿನ ಗಾಡಿ ಇದು. ಚಕ್ರ ಅಥವಾ ಟ್ರ್ಯಾಕ್ಟರಿನಂಥ ಪಟ್ಟೆಯ ಮೇಲೆ ಓಡುತ್ತದೆ. ಹೆಚ್ಚಿನವು ಬ್ಯಾಟರಿಯಿಂದ ನಡೆಯುವುದರಿಂದ ಸದ್ದು ಕಡಿಮೆ. ದೂರದ ನೆಲಮಾಳಿಗೆಯಲ್ಲಿ ಕುಳಿತವನು ಕ್ಯಾಮರಾ ನೋಡುತ್ತ ರೇಡಿಯೋ ಅಥವಾ ಉಪಗ್ರಹದ ಸಂಪರ್ಕದಿಂದ ಅದನ್ನು ನಡೆಸುತ್ತಾನೆ.

ಇದರ ಅಗತ್ಯ ಏಕೆ ಬಂತು? ಸ್ಫೋಟಕ ಹೊತ್ತ ಡ್ರೋನ್‌ಗಳು ಮುಂಚೂಣಿಯಿಂದ ಹಲವಾರು ಕಿಲೋಮೀಟರ್‌ವರೆಗೆ ಆಕಾಶದಲ್ಲಿ ಕಾದಿರುತ್ತವೆ. ಆಂಬುಲೆನ್ಸ್ ಕಂಡರೂ, ಸ್ಟ್ರೆಚರ್ ಹೊತ್ತ ನಾಲ್ವರು ಕಂಡರೂ ಎರಗುತ್ತವೆ. ಹೆಲಿಕಾಪ್ಟರ್ ಹತ್ತಿರ ಬರುವಂತಿಲ್ಲ. ಗಾಯವಾದ ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆ ಸಿಕ್ಕರೆ ಬದುಕುವ ಸಾಧ್ಯತೆ ಹೆಚ್ಚು ಎನ್ನುತ್ತದೆ ವೈದ್ಯಶಾಸ್ತ್ರ. ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೇನೆ 2009ರಲ್ಲಿ ಇದನ್ನೇ ನಿಯಮವಾಗಿಸಿತ್ತು. ಉಕ್ರೇನಿನಲ್ಲಿ ಗಾಯಾಳುಗಳು ದಿನಗಟ್ಟಲೆ ಬಿದ್ದಿರುತ್ತಾರೆ. ರಕ್ತ ನಿಲ್ಲಿಸಲು ಬಿಗಿದ ಪಟ್ಟಿಯನ್ನು ಗಂಟೆಗಟ್ಟಲೆ ಬಿಚ್ಚಲಾಗದೆ ಕೈಕಾಲು ಕಳೆದುಕೊಳ್ಳುತ್ತಾರೆ.

2025ರ ನವೆಂಬರ್‌ನಲ್ಲಿ ಉಕ್ರೇನಿನ ಸೇನಾ ವೈದ್ಯಕೀಯ ದಳ ಒಂದು ಘಟನೆಯನ್ನು ತಿಳಿಸಿತು. ಕಾಲಿಗೆ ಗಾಯವಾದ ಯೋಧನೊಬ್ಬ ಶತ್ರುಗಳ ಹಿಡಿತದಲ್ಲಿದ್ದ ಪ್ರದೇಶದಲ್ಲಿ 33 ದಿನ ಸಿಲುಕಿಕೊಂಡಿದ್ದ. ಆರು ಪ್ರಯತ್ನಗಳು ವಿಫಲವಾದವು. ಏಳನೆಯ ಬಾರಿ ಕವಚದ ಪೆಟ್ಟಿಗೆಯಿರುವ ರೋಬೋಟ್ ಗಾಡಿ ಅವನನ್ನು ತಲುಪಿತು. ಬರುವಾಗ ಮೈನ್ ಸಿಡಿದು ಚಕ್ರ ಹಾಳಾದರೂ ಸುಮಾರು ಆರು ಗಂಟೆ ಓಡಿ ಅವನನ್ನು ಜೀವಂತ ತಂದಿತು. ಆ ಪೆಟ್ಟಿಗೆಯಲ್ಲಿ ಮಲಗಿ ಬಂದವನಿಗೂ ಅವನ ಮನೆಯವರಿಗೂ ಈ ಯಂತ್ರದ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೆ ಮಿತಿಗಳನ್ನೂ ಹೇಳಬೇಕು. ಹೆಚ್ಚಿನ ಗಾಡಿಗಳು ತಾವಾಗಿ ಯಾರನ್ನೂ ಎತ್ತಲಾರವು. ಗಾಯಾಳು ತೆವಳಿಕೊಂಡು ಹತ್ತಬೇಕು ಇಲ್ಲವೇ ಪಕ್ಕದವನು ಮಲಗಿಸಬೇಕು. ಪ್ರಜ್ಞೆ ತಪ್ಪಿ ಒಬ್ಬನೇ ಬಿದ್ದವನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ದಾರಿಯಲ್ಲಿ ರಕ್ತ ಸುರಿದರೆ ಒತ್ತಿ ಹಿಡಿಯುವ ಕೈಯಿಲ್ಲ. ಶತ್ರು ರೇಡಿಯೋ ಸಂಪರ್ಕ ಕೆಡಿಸಿದರೆ ಗಾಡಿ ಬಯಲಿನಲ್ಲೇ ನಿಂತುಬಿಡುತ್ತದೆ. ಹೊಂಡಗಳಲ್ಲಿ ಅದು ಎತ್ತಿಹಾಕುವಾಗ ಮುರಿದ ಮೂಳೆ ಪಡುವ ಪಾಡು ಮೆಸಪೊಟೇಮಿಯಾದ ಬಂಡಿಗಳನ್ನು ನೆನಪಿಸುತ್ತದೆ.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬೋಟ್ ವಿಜ್ಞಾನಕ್ಕೆಂದೇ ಡಿಆರ್‌ಡಿಒದ ಕೇಯರ್ ಕೇಂದ್ರ 1986ರಲ್ಲಿ ಆರಂಭವಾಯಿತು. ಪುಣೆಯ ಪ್ರಯೋಗಾಲಯ ಬಾಂಬ್ ನಿಷ್ಕ್ರಿಯಗೊಳಿಸುವ ದಕ್ಷ್ ಎಂಬ ಯಂತ್ರವನ್ನು ರೂಪಿಸಿತು. 2025ರ ಜನವರಿಯಲ್ಲಿ ಪುಣೆಯ ಸೇನಾ ದಿನದ ಕವಾಯತಿನಲ್ಲಿ ನಾಲ್ಕು ಕಾಲಿನ ರೋಬೋಟ್ ಹೇಸರಗತ್ತೆಗಳು ಹೆಜ್ಜೆ ಹಾಕಿದವು. ಅವುಗಳ ಮುಖ್ಯ ಕೆಲಸ ಸಾಮಾನು ಹೊರುವುದು ಮತ್ತು ಕಣ್ಗಾವಲು. ಟೆಸಿಫೋನಿನಲ್ಲಿ ಸಾಮಾನಿನ ಬಂಡಿಗೇ ಗಾಯಾಳುಗಳನ್ನು ಹಾಕಿದ್ದನ್ನು ಮರೆಯದೆ, ಗಾಯಾಳುವಿಗೆಂದೇ ಬೇಕಾದ ವಾಹನವನ್ನು ಈಗಲೇ ಯೋಚಿಸುವುದು ಒಳ್ಳೆಯದು.

ಯಂತ್ರ ಹೇಳುವ ಸತ್ಯ

ಈ ಎಲ್ಲದರ ಹಿಂದೆ ನಾವು ಗಮನಿಸಬೇಕಾದ ಒಂದು ಮಾತಿದೆ. 1864ರ ಒಪ್ಪಂದ ನೆಚ್ಚಿಕೊಂಡದ್ದು ಯಂತ್ರವನ್ನಲ್ಲ, ಒಂದು ಬಟ್ಟೆಯ ತುಂಡನ್ನು. ಆ ಗುರುತು ಕಂಡರೆ ಬಂದೂಕು ತಗ್ಗುತ್ತದೆ ಎಂಬ ನಂಬಿಕೆಯನ್ನು. 1949ರ ಜಿನೀವಾ ಒಪ್ಪಂದಗಳು ಅದನ್ನು ಇನ್ನಷ್ಟು ಗಟ್ಟಿ ಮಾಡಿದವು. ಗಾಯಾಳುಗಳನ್ನು ಹುಡುಕಿ ಒಟ್ಟುಗೂಡಿಸುವುದು ಎರಡೂ ಕಡೆಯವರ ಕರ್ತವ್ಯವೆಂದು ಮೊದಲ ಒಪ್ಪಂದದ 15ನೇ ವಿಧಿ ಹೇಳುತ್ತದೆ. ಭಾರತ 1960ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿದೆ. ಆ ಮಾತು ನಡೆದಿದ್ದರೆ ಗಾಯಾಳುವಿನ ಬಳಿಗೆ ಬರಿಗೈಯ ನಾಲ್ವರು ನಡೆದು ಹೋಗಬಹುದಿತ್ತು. ಕವಚದ ಪೆಟ್ಟಿಗೆಯೂ ಉಪಗ್ರಹವೂ ಬೇಕಾಗಿರಲಿಲ್ಲ.

ಮಾತು ನಡೆಯುತ್ತಿಲ್ಲ. 2025ರ ಮಾರ್ಚ್ 23ರಂದು ಗಾಜಾದ ರಫಾದಲ್ಲಿ ಗಾಯಾಳುಗಳ ನೆರವಿಗೆ ಹೊರಟ ಆಂಬುಲೆನ್ಸ್‌ಗಳ ಮೇಲೆ ಇಸ್ರೇಲಿ ಪಡೆಗಳು ಗುಂಡು ಹಾರಿಸಿದವು. 15 ಮಂದಿ ರಕ್ಷಣಾ ಕಾರ್ಯಕರ್ತರು ಸತ್ತರು. ಅವರಲ್ಲಿ 8 ಮಂದಿ ಫೆಲೆಸ್ತೀನಿನ ರೆಡ್ ಕ್ರೆಸೆಂಟಿನವರು. ಕೆಂಪು ಅರ್ಧಚಂದ್ರವೂ ಕೆಂಪು ಶಿಲುಬೆಯೂ ರಕ್ಷಣೆಯ ಬದಲು ಗುರಿಯ ಗುರುತಾಗುತ್ತಿರುವ ಕಾಲವಿದು. ಹಾಗಾಗಿ ರೋಬೋಟ್ ವಾಹನ ಜಾಣತನದ ಸಾಧನೆ ಹೌದು. ಜೊತೆಗೆ ಮನುಷ್ಯರು ಮನುಷ್ಯರಿಗೆ ಕೊಟ್ಟ ಮಾತು ಮುರಿದುಬಿದ್ದಿದೆ ಎಂಬುದರ ಒಪ್ಪಿಗೆಯೂ ಹೌದು.

ಮತ್ತೊಂದು ಅಪಾಯವಿದೆ. ಉಕ್ರೇನಿನಲ್ಲಿ ಎಷ್ಟೋ ಸಲ ಅದೇ ಗಾಡಿ ಹೋಗುವಾಗ ಮದ್ದುಗುಂಡು ಹೊತ್ತು, ಬರುವಾಗ ಗಾಯಾಳುವನ್ನು ತರುತ್ತದೆ. ಮದ್ದುಗುಂಡು ಹೊರುವ ವಾಹನಕ್ಕೆ ಜಿನೀವಾದ ರಕ್ಷಣೆ ಸಿಗುವುದಿಲ್ಲ. ದೂರದಿಂದ ನೋಡುವ ಡ್ರೋನಿಗೆ ಇವೆರಡರ ವ್ಯತ್ಯಾಸ ಹೇಗೆ ತಿಳಿಯಬೇಕು? ಇನ್ನು, ಲಾರೆ ಎತ್ತಿದ ಶತ್ರು, ಕಾಸ್ತಿಲಿಯೋನೆಯ ಹೆಂಗಸರು ಎತ್ತಿದ ಶತ್ರು, ಗಾಂಧೀಜಿ ಗಾಯ ತೊಳೆದ ಜುಲು, ಇವರೆಲ್ಲ ಬದುಕಿದ್ದು ಒಬ್ಬ ಮನುಷ್ಯ ಹತ್ತಿರ ಹೋಗಿ ಅವರ ಮುಖ ನೋಡಿದ್ದರಿಂದ. ತನ್ನವನ ಜಾಗವನ್ನು ಮಾತ್ರ ಗುರುತು ಮಾಡಿಕೊಂಡು ಹೋಗುವ ಗಾಡಿ ಪಕ್ಕದಲ್ಲಿ ನರಳುವ ಶತ್ರುವನ್ನು ದಾಟಿ ಮುಂದೆ ಹೋಗುತ್ತದೆ. ನಿಲ್ಲಿಸು ಎಂದು ಹೇಳುವವನು ಆ ಕ್ಯಾಮರಾದ ಹಿಂದೆ ಇದ್ದಾನೆಯೇ ಎಂಬುದೇ ಮುಖ್ಯ.

ಯಂತ್ರ ಬೇಡ ಎಂದು ಹೇಳುವ ಹಕ್ಕು ಸುರಕ್ಷಿತವಾಗಿ ಮನೆಯಲ್ಲಿ ಕುಳಿತ ನಮಗಿಲ್ಲ. ಒಬ್ಬ ತಾಯಿಯ ಮಗ ಬದುಕಿ ಬರುವುದಾದರೆ ಅವನನ್ನು ಹೊತ್ತು ತಂದದ್ದು ಡೋಲಿಯೋ ಚೀತಾವೋ ರೋಬೋಟೋ, ಎಲ್ಲವೂ ಒಂದೇ. ಇಂಥ ವಾಹನ ನಮ್ಮ ಸೇನೆಗೂ ಬರಲಿ, ಬೆಂಗಳೂರಿನ ಪ್ರಯೋಗಾಲಯಗಳಿಂದಲೇ ಬರಲಿ. ಆದರೆ ಅದನ್ನು ಕಳಿಸುವವರು ತುಳಸಿಗೇರಿಯ ಸುತ್ತಲಿನ ನೆಲ ಹೇಳುವುದನ್ನು ನೆನಪಿಡಬೇಕು. ಇಲ್ಲಿ ಸತ್ತವರಿಗೆ ಕಲ್ಲುಗಳಿವೆ, ಹೋರಾಡಿದವರಿಗೆ ಲಾವಣಿಗಳಿವೆ. ಬಿದ್ದವನನ್ನು ಹೊತ್ತವರಿಗೆ ಮಾತ್ರ ಏನೂ ಇಲ್ಲ. ಹೊರುವವನು ನಾಳೆ ಯಂತ್ರವೇ ಆಗಬಹುದು. ಬಿದ್ದವನು ಆಗಲೂ ಮನುಷ್ಯನೇ.